ನೀಲಿ ದೋಣಿಯ ಭಾರ

ಕಂಡವರನ್ನೆಲ್ಲ ಅಣಕಿಸುವ ಮಂಗಬುದ್ಧಿ ನನ್ನದು. ಮಣ್ಣೂರಿನ ಅಂಬಿಗನನ್ನೂ ಬಿಡಲಿಲ್ಲ. ಯಾರನ್ನೇ ಹತ್ತಿಸುವ ಮೊದಲು ಆತ ದೋಣಿಯ ಅಂಚನ್ನು ಅಂಗೈಯಿಂದ ಒತ್ತಿ, “ಮೊದಲ ನೀರಿಗಿ ಕೇಳೂಣ್ರಿ” ಎನ್ನುತ್ತಿದ್ದ.

ಅವ್ವ, ಅಕ್ಕ, ಅಕ್ಕನ ಹಸುಗೂಸಿನೊಡನೆ ಭೀಮೆಯಲ್ಲಿ ಸುತ್ತಾಡಲು ಹೋಗಿದ್ದೆವು. ದಂಡೆಯಲ್ಲಿ ಎರಡು ದೋಣಿಗಳಿದ್ದವು. ಹಳೆಯದು ಅವನ ಕೈಗೆ ತೂಗಾಡಿತು. ನನಗೋ ಹೊಸ ನೀಲಿ ದೋಣಿಯೇ ಬೇಕು. ಅವನದೇ ದನಿಯಲ್ಲಿ “ನೀರಿಗಿ ಕೇಳೂಣ್ರಿ” ಎಂದು ಅದರ ಅಂಚನ್ನು ಒತ್ತಿದೆ. ಎಲ್ಲರೂ ನಕ್ಕರು.

ದೋಣಿ ಅಲುಗಲಿಲ್ಲ. ಎರಡೂ ಕೈಯಿಂದ ಒತ್ತಿದೆ. ಒಳಗೆ ಹನಿ ನೀರಿರಲಿಲ್ಲ. ಆದರೂ ಮಂದಿ ತುಂಬಿದಂತೆ ಅಂಚಿನತನಕ ಮುಳುಗಿ ನಿಂತಿತ್ತು.

“ಖಾಲಿನೇ ಅದಲ್ರೀ ಕಾಕಾ, ಇದರಾಗೇ ಹತ್ತತೀವಿ,” ಎಂದೆ, ಈ ಸಲ ನನ್ನದೇ ದನಿಯಲ್ಲಿ.

ಆತ ಕೂಸನ್ನು ಎತ್ತಿಕೊಂಡು ಹಳೆಯ ದೋಣಿಗೆ ದಾಟಿಸುತ್ತ ಹೇಳಿದ: “ಹತ್ತು ತಮ್ಮಾ. ಅದರಾಗ ಕುಂತವರಿಗಿ ಜರಾ ಸರೀರಿ ಅನ್ನು.”