ಮಾಬೂಬಿ ಚಾಚಿ ಹೇಳಿದ ರಾಣಿ

ಬಿಸಿಯಾದ ಧೂಳಿಗೆ ಒಂದು ವಾಸನೆ ಇರುತ್ತದೆ. ಹೋದ ವಾರ ತಮ್ಮನ ಮನೆಯಲ್ಲಿ ಒಂದು ಕಾಲಕ್ಕೆ ಅಜ್ಜನ ಟಿ.ವಿ.ಗೆ ಹಚ್ಚಿದ್ದ ಹಳೆಯ ಸ್ಟೆಬಿಲೈಜರನ್ನು ಅಟ್ಟದಿಂದ ಇಳಿಸಿ ಫ್ರಿಜ್ಜಿಗೆ ಹಚ್ಚಿದರು. ಅದು ಗುಂಯ್ ಎನ್ನುತ್ತ ಕಾದಾಗ ಆ ವಾಸನೆ ಖೋಲಿ ತುಂಬಿತು. ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಮೊರದಲ್ಲೇ ಬಿಟ್ಟು ಆ ವಾಸನೆಯನ್ನೇ ಮೂಸುತ್ತ ಕುಳಿತೆ. ಬಾಜು ತಮ್ಮನ ಇಬ್ಬರು ಹೆಣ್ಣುಮಕ್ಕಳು ಫೋನಿನಲ್ಲಿ ನೋಡುವ ಯಾವುದೋ ಮಾಯಾಲೋಕದ ಧಾರಾವಾಹಿಯ ಬಗ್ಗೆ ವಾದಿಸುತ್ತಿದ್ದರು. ಕಥೆ ಬರೆದವರು ನಾಯಕಿಯನ್ನು ಕೊನೆಗೆ ಹಾಳು ಮಾಡಿದರು, ಆಕೆ ಅಂಥವಳೇ ಅಲ್ಲ ಎಂದು ಒಬ್ಬಳು. ಮೊದಲಿನಿಂದಲೂ ಅಂಥವಳೇ, ನೀನು ನೋಡಲಿಲ್ಲ ಎಂದು ಇನ್ನೊಬ್ಬಳು. ಅತ್ತೆಯಾದ ನನಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು. ಈ ವಾದದಲ್ಲಿ ನಮ್ಮೂರು ಶಲವಡಿಯ ಮನೆಯ ಪಡಸಾಲಿ ಅವರಿಗಿಂತ ಬಹಳ ಮುಂದೆ ಹೋಗಿತ್ತೆಂದು ಅವರಿಗೆ ಯಾರು ಹೇಳಬೇಕು?

ನಾನಾಗ ಎಂಟನೆಯ ಇಯತ್ತೆ. ನಮ್ಮ ಅಜ್ಜ ಕನ್ನಡ ಶಾಲೆಯ ಹೆಡ್‌ಮಾಸ್ತರ ಆಗಿದ್ದವರು. ನಿವೃತ್ತರಾದ ಮೇಲೆ ಶಾಲೆಯ ಶಿಸ್ತನ್ನೆಲ್ಲ ಮನೆಗೆ ತಂದಿದ್ದರು. ರವಿವಾರ ಎಂಟಕ್ಕೆ ಎಲ್ಲರ ಸ್ನಾನ, ಎಂಟೂವರೆಗೆ ಅಜ್ಜನ ಲಿಂಗಪೂಜೆ ಮುಗಿಯಬೇಕು, ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಟಿ.ವಿ.ಯ ಕಟ್ಟಿಗೆಯ ಬಾಗಿಲು ತೆರೆಯಬೇಕು. ಅದರ ಕೀಲಿ ಅಜ್ಜನ ಅಂಗಿಯ ಕಿಸೆಯಲ್ಲಿ. ಓಣಿಯವರು ಬಂದು ಜಮಖಾನದ ಮೇಲೆ ಕೂಡುತ್ತಿದ್ದರು, ಕಾಲು ತೊಳೆಯದವರಿಗೆ ಕಟ್ಟೆಯೇ ಜಾಗ. ಧಾರಾವಾಹಿ ಹಿಂದಿಯದು. ಒಂದು ಕೋಟೆ, ಅದರ ರಾಣಿ, ಆಕೆಯ ತಂದೆಯನ್ನು ಕಲ್ಲು ಮಾಡಿದ ಮಾಟಗಾರ, ನಡೆಯಲು ಬಾರದ ಆಕೆಯ ತಂಗಿ. ಅದು ಮುಗಿದ ಕೂಡಲೇ ಟಿ.ವಿ. ಬಂದ್. ಆಮೇಲೆ ಗಡಿಯಾರ ನೋಡಿ ಹದಿನೈದು ನಿಮಿಷ ಮಾತು. ಅದಕ್ಕೊಂದು ಕಟ್ಟಳೆ ಇತ್ತು: ಯಾರನ್ನೇ ಆಗಲಿ ತಪ್ಪು ಎನ್ನುವವರು ಎದ್ದು ನಿಂತು, ಮೊದಲು ಅವರ ಒಂದು ಒಳ್ಳೆಯ ಗುಣ ಹೇಳಬೇಕು. ಮಾಟಗಾರನನ್ನು ಬೈಯಲಿಕ್ಕೆ ತುದಿಗಾಲ ಮೇಲೆ ನಿಂತಿದ್ದ ಬಡಿಗೇರ ಸಿದ್ದಪ್ಪ, ಒಳ್ಳೆಯದೊಂದು ಸಿಗದೆ ತಲೆ ಕೆರೆದು, ಅಂವ ಗಡ್ಡಾ ಸ್ವಚ್ಛ ಇಟ್ಟಾನ್ರಿ ಎಂದದ್ದು ನನಗೆ ಇನ್ನೂ ಕೇಳುತ್ತದೆ.

ದೊಡ್ಡವರಲ್ಲಿ ಹಿಂದಿ ಬಲ್ಲವರು ಯಾರಿದ್ದರು? ಪಕ್ಕದ ಮನೆಯ ಮಾಬೂಬಿ ಚಾಚಿ. ಊರ ಹೆಂಗಸರ ಕುಪ್ಪಸವನ್ನೆಲ್ಲ ಹೊಲಿಯುತ್ತಿದ್ದವಳು. ಸೀರೆಗೆ ಅಂಟಿದ ದಾರದ ಎಳೆಗಳೊಂದಿಗೆ ಬಂದು, ಕಣ್ಣು ಮಬ್ಬಾಗಿದ್ದ ನಮ್ಮ ಅಜ್ಜಿಯ ಮಗ್ಗುಲಿಗೆ ಕೂತು, ಟಿ.ವಿ.ಯ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ರಾಣಿಗೆ ಒಂದು ದನಿ, ತಂಗಿಗೆ ಒಂದು ದನಿ. ಅಜ್ಜಿಯ ಪಾಲಿಗೆ ರಾಣಿ ಎಂದರೆ ಆ ದನಿಯೇ. ಕಾಡು, ನದಿ, ಬೆಂಕಿಯ ಬೆಟ್ಟ ದಾಟುತ್ತ ರಾಣಿ ಎಂಟು ವಾರ ತಂಗಿಯನ್ನು ಬೆನ್ನ ಮೇಲೆ ಹೊತ್ತು ತಿರುಗಿದಳು. ಅಷ್ಟೂ ದಿನ ಅಜ್ಜಿ ತನ್ನ ಬೆನ್ನು ನೋವಾದವಳಂತೆ ಗೋಡೆಗೆ ಆತು ಕೇಳುತ್ತಿದ್ದಳು.

ಒಂಬತ್ತನೆಯ ವಾರ ಹಗ್ಗದ ಸೇತುವೆ ಬಂತು. ಈ ದಡದಲ್ಲಿ ರಾಣಿ, ಆ ದಡದಲ್ಲಿ ಬೆನ್ನಿನಿಂದ ಇಳಿಸಿ ಬಿಟ್ಟ ತಂಗಿ, ತಂಗಿಯ ಹಿಂದೆ ಕೋಟೆಯತ್ತ ನುಗ್ಗುವ ಮಾಟಗಾರನ ದಂಡು. ರಾಣಿ ಕತ್ತಿ ಎತ್ತಿ ಹಗ್ಗ ಕಡಿದಳು. ಕಡಿಯುವಾಗ ತಂಗಿಗೆ ಒಂದು ಮಾತು ಹೇಳಿದಳು. ಅಳಬೇಡ, ಹುಣ್ಣಿಮೆಯೊಳಗೆ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಚಾಚಿ ಹೇಳಿದಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ದಿನ ಇಡೀ ಮಾತು ನಿಂತದ್ದು ಆ ವಚನದ ಮೇಲೆ. ವಚನ ಕೊಟ್ಟವಳು ಕೈಬಿಟ್ಟವಳಲ್ಲ ಎಂದು ಅಜ್ಜಿ, ವಚನದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಸಿದ್ದಪ್ಪ. ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಹಿಂದಿ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದವಳು ನಾನು. ರಾಣಿ ಹೇಳಿದ್ದು ಬೇರೆ ಮಾತೆಂದು ನನಗೆ ತಿಳಿದಿತ್ತು. ಎದ್ದು ನಿಂತೆ. ಯಾರು ತಪ್ಪಿದವರೆಂದು ಅಜ್ಜ ಕೇಳಿದರು. ಮಾಬೂಬಿ ಚಾಚಿ ಎಂದೆ. ಮೊದಲು ಒಳ್ಳೆಯದು ಹೇಳು ನೀಲವ್ವ ಎಂದರು.

“ಅವರ ದನಿ ಛಲೋ ಐತಿ. ಆದ್ರ ರಾಣಿ ಹಂಗ ಅಂದೇ ಇಲ್ರಿ ಅಜ್ಜಾ. ರಾಜ್ಯಕ್ಕಿಂತ ತಂಗಿ ದೊಡ್ಡಾಕಿ ಅಲ್ಲ, ನಿನ್ನ ಹಾದಿ ನಿನಗ ಅಂದ್ಲು.”

ಎಲ್ಲರೂ ಚಾಚಿಯ ಮುಖ ನೋಡಿದರು. ಆಕೆ ಇಲ್ಲ ಎನ್ನಲಿಲ್ಲ. ಸಿದ್ದಪ್ಪನೇ ನಕ್ಕು ಹೇಳಿದ: “ಹಂಗಾರ ಇಷ್ಟ ದಿನ ನಾವು ನೋಡಿದ್ದು ಮಾಬೂಬಿ ಸೀರಿಯಲ್ಲೇನ?” ಚಾಚಿ ಎದ್ದು, ಮಡಿಲಿನ ದಾರದ ಎಳೆಗಳನ್ನು ಒಂದೊಂದಾಗಿ ಆರಿಸಿ ಮುಷ್ಟಿಯಲ್ಲಿ ಹಿಡಿದು ಹೋದಳು.

ಮುಂದಿನ ರವಿವಾರ ಆಕೆ ಬರಲಿಲ್ಲ. ಅಜ್ಜಿಯ ಮಗ್ಗುಲಿಗೆ ನಾನು ಕೂತೆ. ಒಂದು ಮಾತೂ ಬಿಡದೆ, ಒಂದು ಮಾತೂ ಕೂಡಿಸದೆ ಹೇಳಿದೆ. ನೀಲವ್ವ ರೇಡಿಯೋದಾಗ ವಾರ್ತಿ ಓದಿದಂಗ ಓದತಾಳ ಎಂದು ಹಿಂದಿನಿಂದ ಯಾರೋ ಗೊಣಗಿದರು. ಅಜ್ಜಿ ಅರ್ಧಕ್ಕೇ ಗೋಡೆಯ ಕಡೆ ಮುಖ ತಿರುಗಿಸಿದಳು. ಟಿ.ವಿ. ಬಂದ್ ಆದ ಮೇಲೆ ಯಾರೂ ಎದ್ದು ನಿಲ್ಲಲಿಲ್ಲ. ಅಜ್ಜ ಹದಿನೈದು ನಿಮಿಷ ಗಡಿಯಾರವನ್ನೇ ನೋಡುತ್ತ ಕುಳಿತು, ಆಮೇಲೆ ಕೀಲಿ ಹಾಕಿದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಆ ಮಧ್ಯಾಹ್ನವೇ ಚಾಚಿಯ ಮನೆಗೆ ಹೋದೆ. ಆಕೆ ಮಷಿನ್ ತುಳಿಯುತ್ತಿದ್ದಳು, ತಲೆ ಎತ್ತಲಿಲ್ಲ. ನಿನ್ನ ಹಿಂದಿ ಖರೇ, ನನ್ನ ಮಾತು ಸುಳ್ಳು ಎಂದಳು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಮಷಿನ್ ನಿಂತಿತು.

“ಎಂಟು ವಾರ ಬೆನ್ನಮ್ಯಾಲೆ ಹೊತ್ತಾಳ ಬೇ. ಹೊತ್ತಾಕಿ ಹಂಗ ಅನ್ನೂದಿಲ್ಲ. ಕಥಿ ಬರದಾಂವ ತಪ್ಪ್ಯಾನ.”

ಹೊಲಿಗೆ ತಪ್ಪಿದ ಕುಪ್ಪಸವನ್ನು ಬಿಚ್ಚಿ ಸರಿಮಾಡಿದಷ್ಟೇ ಸಹಜವಾಗಿ ಆಕೆ ಇದನ್ನು ಹೇಳಿದಳು. ಪುಸ್ತಕದಲ್ಲಿ ಇದ್ದದ್ದು ಸರಿ, ಇಲ್ಲದ್ದು ತಪ್ಪು ಎಂದು ಕಲಿತವಳು ನಾನು. ಪುಸ್ತಕವೇ ತಪ್ಪಬಹುದೆಂದು ನನಗೆ ಹೇಳಿದ ಮೊದಲಿನವಳು ಈಕೆ. ಹಾಗಾದರೆ ಅದನ್ನೇ ಮಂದಿಯ ಮುಂದೆ ಹೇಳಿರಿ ಎಂದೆ. ಟಿ.ವಿ.ಯವರು ಅಂದದ್ದನ್ನು ನಾನು ಹೇಳುತ್ತೇನೆ, ಏನು ಅನ್ನಬೇಕಿತ್ತೋ ಅದನ್ನು ನೀವು ಹೇಳಿರಿ. ಚಾಚಿ ದಾರ ಕಡಿದು, ಯಾರ ಕೇಳ್ತಾರ ಎಂದಳು. ಅಜ್ಜಿ ಕೇಳುತ್ತಾಳೆ ಎಂದೆ.

ಹಾಗೆ ನಮ್ಮ ಮನೆಯಲ್ಲಿ ಒಂದು ಧಾರಾವಾಹಿ ಎರಡಾಯಿತು. ನೋಡುವಾಗ ನನ್ನದು, ಬಂದ್ ಮಾಡಿದ ಮೇಲೆ ಚಾಚಿಯದು. ಅಜ್ಜ ಹದಿನೈದು ನಿಮಿಷವನ್ನು ಅರ್ಧ ತಾಸು ಮಾಡಿದರು. ಅವರು ವೇಳೆಯ ಕಟ್ಟಳೆ ಸಡಿಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಓಣಿ ದಾಟಿ ಊರಿನವರು, ರವಿವಾರದ ಸಂತೆಗೆ ಬಂದ ಪರವೂರಿನವರು ಕೂಡ ಬಂದು ಕಟ್ಟೆ ತುಂಬಿದರು. ರಾಣಿ ಸೇತುವೆ ಕಡಿದದ್ದು ಸರಿಯೋ ತಪ್ಪೋ, ಕಡಿಯದೆ ಇದ್ದರೆ ಕೋಟೆಯ ಮಂದಿಯ ಗತಿ ಏನು, ತಂಗಿಗೂ ಒಂದು ಕತ್ತಿ ಕೊಡಬೇಕಿತ್ತಲ್ಲವೇ ಎಂದು ಹತ್ತಿ ಬಿಡಿಸುವಾಗಲೂ ಹೆಂಗಸರು ವಾದಿಸುತ್ತಿದ್ದರು. ಟಿ.ವಿ.ಯಲ್ಲಿ ರಾಣಿ ತಿರುಗಿ ನೋಡದೆ ಸಿಂಹಾಸನ ಏರಿದಳು, ಧಾರಾವಾಹಿ ಮುಗಿಯಿತು. ಚಾಚಿಯ ರಾಣಿ ಹುಣ್ಣಿಮೆಗೆ ಒಂದು ದಿನ ಇರುವಾಗ ಕಿರೀಟ ತೆಗೆದಿಟ್ಟು ಈಜಿ ಆ ದಡಕ್ಕೆ ಹೋದಳು. ಟಿ.ವಿ.ಯದೇ ಸರಿ, ರಾಜ್ಯ ಆಳುವುದು ಹಾಗೇ ಎಂದು ಸಿದ್ದಪ್ಪ ಒಬ್ಬನೇ ಕೊನೆಯವರೆಗೂ ನಿಂತ. ಎಷ್ಟು ಚೆಂದ ನಿಂತ! ಅಕ್ಷರ ಬಾರದ, ಹಿಂದಿ ತಿಳಿಯದ ಆ ಮಂದಿಯ ವಾದದಂಥ ವಾದವನ್ನು ಮುಂದೆ ಇಷ್ಟು ವರ್ಷ ಮಾಸ್ತರಕಿ ಮಾಡಿದರೂ ಯಾವ ಶಾಲೆಯಲ್ಲೂ ನಾನು ಕೇಳಲಿಲ್ಲ.

ಈಗ ಆ ಪಡಸಾಲಿ ಇಲ್ಲ. ಮನೆ ಪಾಲಾದ ಮೇಲೆ ಅದನ್ನು ಕೆಡವಿ ಗೊಬ್ಬರದ ಅಂಗಡಿ ಕಟ್ಟಿದ್ದಾರೆ. ಅಜ್ಜಿ, ಅಜ್ಜ, ಸಿದ್ದಪ್ಪ ಒಬ್ಬರ ಹಿಂದೊಬ್ಬರು ಹೋದರು. ಚಾಚಿ ಅಣ್ಣಿಗೇರಿಯ ಮಗಳ ಮನೆಯಲ್ಲಿ ತೀರಿಕೊಂಡಳು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಆಗಿತ್ತು.

ಆಮೇಲೊಮ್ಮೆ ತಿರ್ಲಾಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತ ಮುದುಕರೊಬ್ಬರು ನಾನು ಹೆಡ್‌ಮಾಸ್ತರ ಮೊಮ್ಮಗಳೆಂದು ತಿಳಿದು, ಸಂತೆಗೆ ಬಂದಾಗ ನಿಮ್ಮ ಕಟ್ಟೆಯ ಮೇಲೆ ನಿಂತು ಟಿ.ವಿ. ನೋಡಿದ್ದೆ ಎಂದರು. ಧಾರಾವಾಹಿಯ ಹೆಸರು ಅವರಿಗೆ ನೆನಪಿರಲಿಲ್ಲ.

“ಒಬ್ಬಾಕಿ ರಾಣಿ ಇದ್ಲಲ್ರಿ. ನದಿ ಈಜಿ ತಂಗೀನ ಕರಕೊಂಡ ಬಂದ್ಲು. ನಾ ಕಣ್ಣಾರೆ ನೋಡೇನಿ, ಟಿ.ವಿ.ಯಾಗ.”

ಎಲೆಯ ಮೇಲೆ ಹೋಳಿಗೆ ಬಿತ್ತು. ತುಪ್ಪದವರು ಬಂದು ಹೋಗುವವರೆಗೆ ನಾನು ಹೋಳಿಗೆ ಮುರಿಯುತ್ತ ಕೂತೆ.

“ಹೌದ್ರಿ,” ಎಂದೆ. “ಕರಕೊಂಡ ಬಂದ್ಲು.”