ಗೇಟಲ್ಲೇ ಕಲಸಿದ ಸಮುದ್ರ

ಗರುಡಾಚಾರ್‌ಪಾಳ್ಯದ ಒಂದು ಆಫೀಸಲ್ಲಿ ಸಮುದ್ರದ ಮೀನಿನ ಟ್ಯಾಂಕ್ ನೋಡ್ಕೊಳ್ಳೋ ಕೆಲಸ ನಂದಾಗಿತ್ತು. ಒಂದಿನ ಟ್ಯಾಂಕ್ ಸೋರಿ ನೀರು ಅರ್ಧಕ್ಕಿಳಿದಿದೆ ಅಂತ ಫೋನ್ ಬಂತು. ಸಾದಾ ನೀರನ್ನ ಸಮುದ್ರದ ನೀರು ಮಾಡೋ ಮೀನಿನ ಉಪ್ಪಿನ ಡಬ್ಬ ಎತ್ಕೊಂಡು ಓಡಿದೆ.

ಗೇಟಲ್ಲಿ ಸೆಕ್ಯುರಿಟಿ ಶರಣಪ್ಪ ಮುಚ್ಚಳ ತೆಗೆದು ನೋಡಿದ್ರು. "ಬಿಳೀ ಪೌಡರ್ ಒಳಗ ಬಿಡೂದಿಲ್ರೀ. ರೂಲ್ಸ್ ಐತಿ."

"ಉಪ್ಪು ಕಣ್ರೀ, ಮೀನಿಗೆ."

"ಹಂಗಾದ್ರ ಪಾಕೀಟ್ ಎಲ್ಲೈತಿ?"

ಗಾಳಿ ತಾಕಿದ್ರೆ ಉಪ್ಪು ಕಲ್ಲಾಗುತ್ತೆ ಅಂತ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದು, ಹೆಸರಿದ್ದ ಪಾಕೆಟ್ಟನ್ನ ನಾನೇ ಕಸಕ್ಕೆ ಹಾಕಿದ್ದೆ. ಅಷ್ಟು ಬುದ್ಧಿವಂತ.

"ಒಳಗ ಕ್ಯಾಂಟೀನ್‌ನ್ಯಾಗ ಉಪ್ಪು ಐತಲ್ರೀ, ಅದನ್ನೇ ಹಾಕ್ರಿ."

"ಅದು ಹಾಕಿದ್ರೆ ಮೀನು ಸಾರೇ ಆಗೋದು ಶರಣಪ್ಪನೋರೆ."

ಅಷ್ಟರಲ್ಲಿ ಕುಡಿಯೋ ನೀರಿನ ಕ್ಯಾನ್ ತುಂಬಿದ ಆಟೋ ಬಂತು. ಅವರು ಅದನ್ನ ಮುಟ್ಟಿಯೂ ನೋಡದೆ ಗೇಟ್ ತೆಗೆದ್ರು.

"ನೀರು ಬಿಡ್ತೀರಾ?"

"ನೀರಿಗೇನ್ರಿ, ಬಿಡ್ತೀವಿ!"

ಆಟೋ ನಿಲ್ಲಿಸಿ ನಾಲ್ಕು ಕ್ಯಾನ್ ಇಳಿಸ್ಕೊಂಡು, ಗೇಟಲ್ಲೇ ಅಳತೆ ಮಾಡಿ ಉಪ್ಪು ಸುರಿದೆ. ಶರಣಪ್ಪ ಕಣ್ಣೆದುರೇ ನಡೀತಿದ್ದ ಮೋಸ ನೋಡ್ತಾ ನಿಂತ್ರು. ಆಮೇಲೆ ತಾವೇ ಒಂದು ಕ್ಯಾನ್ ಹಿಡಿದು, ಕರಗೋವರೆಗೂ ಅಲ್ಲಾಡಿಸಿಕೊಟ್ರು. ರೂಲ್ಸಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ.

ನನ್ನ ಸಮುದ್ರ ಸೆಲ್ಯೂಟ್ ಹೊಡೆಸ್ಕೊಂಡು ಒಳಗೆ ಹೋಯ್ತು. ಒಂದು ಮೀನೂ ಸಾಯಲಿಲ್ಲ.

ಆದ್ರೆ ಅವತ್ತಿಂದ ಗೇಟಿನ ರಿಜಿಸ್ಟರಲ್ಲಿ ನನ್ನ ಹೆಸರಿನ ಮುಂದೆ 'ನೀರಿನವ' ಅಂತಲೇ ಬರೀತಿದ್ರು.