ಬ್ರೇಕಮ್ಮನ ಜೋಡಿ ಸ್ಪೀಕರು

ಬ್ರೇಕಮ್ಮನ ಗಿಟಾರಿನ ಪೆಟ್ಟಿಗೆ ಪ್ರಾಣ ಬಿಟ್ಟದ್ದು ಒಂದು ಬುಧವಾರ ಸಂಜೆ, ಹಾಡಿನ ನಟ್ಟನಡುವೆ. ಮೊದಲು ಗರ್ರ್ ಎಂದಿತು, ಆಮೇಲೆ ಸೈಕಲ್ ಟ್ಯೂಬು ಗಾಳಿ ಬಿಟ್ಟ ಹಾಗೆ ಫುಸ್ ಎಂದಿತು, ಮುಗಿಯಿತು. ಪೆಟ್ಟಿಗೆ ಎಂದರೆ ಆಂಪ್ಲಿಫೈಯರು. ಸೊಂಟದೆತ್ತರದ ಕಪ್ಪು ಡಬ್ಬ, ಮುಂದುಗಡೆ ಜಾಳು ಬಟ್ಟೆ, ಬಟ್ಟೆಯ ಹಿಂದೆ ಊಟದ ತಟ್ಟೆಯಗಲದ ಎರಡು ಸ್ಪೀಕರು. ಅವುಗಳಲ್ಲಿ ಒಂದು ಹರಿದು ವರ್ಷಗಳೇ ಆಗಿದ್ದವು. ಅವಳು ಅದಕ್ಕೆ ತನ್ನ ಡ್ರೈವಿಂಗ್ ಸ್ಕೂಲಿನ ಕರಪತ್ರವನ್ನೇ ಗೋಂದು ಹಚ್ಚಿ ಅಂಟಿಸಿ ಕಾಲ ತಳ್ಳುತ್ತಿದ್ದಳು. ಈಗ ಎರಡನೆಯದೂ ಅದರ ದಾರಿ ಹಿಡಿದಿತ್ತು.

ಸುಲಭಕ್ಕೆ ಸೋಲೊಪ್ಪುವ ಹೆಂಗಸಲ್ಲ ಅವಳು. ತಂತಿ ಮೀಟಿದಳು, ಗುಂಡಿ ತಿರುಗಿಸಿದಳು, ವೈರು ಕಿತ್ತು ಮತ್ತೆ ಸಿಕ್ಕಿಸಿದಳು, ಪೆಟ್ಟಿಗೆಯ ನೆತ್ತಿಗೆ ಎರಡು ಬಾರಿಸಿದಳು, ಬಾಯಿಗೆ ಬಂದ ಹಾಗೆ ಬೈದಳು, ಆಮೇಲೆ ಪಾಪ ಎನಿಸಿ ಮುದ್ದು ಮಾಡಿದಳು. ಇಷ್ಟೆಲ್ಲ ಆಗುವಾಗಲೂ ಬಲಗಾಲು ಮಾತ್ರ ಅಭ್ಯಾಸಬಲದಿಂದ ತಾಳ ಹಾಕುತ್ತಲೇ ಇತ್ತು. ಕೊನೆಗೆ ಉಸ್ಸೆಂದು ಆ ಕಾಲನ್ನೂ ನಿಲ್ಲಿಸಿದಳು.

ಎದುರಿನ ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅವಳ ಗಂಡ ಆಗ ಪೇಪರನ್ನು ಮಡಚಿ ಮಂಡಿಯ ಮೇಲಿಟ್ಟ. ಎರಡು ಚಪ್ಪಾಳೆ ತಟ್ಟಿದ. ಮನಸ್ಸು ತುಂಬಿ, "ಚೆನ್ನಾಗಿತ್ತು!" ಎಂದ.

ಸೋಫಾದಲ್ಲಿ ಚಹ ಕುಡಿಯುತ್ತಿದ್ದ ತಂಗಿ, ಅಂದರೆ ಅವರ ಬ್ಯಾಂಡಿನಲ್ಲಿ ಹಾಡುವವಳು, ಚಹವನ್ನೆಲ್ಲ ಮೂಗಿನಿಂದ ಹೊರಗೆ ಬಿಟ್ಟಳು.

"ಏನ್ರೀ ಚೆನ್ನಾಗಿತ್ತು?" ಎಂದಳು ಬ್ರೇಕಮ್ಮ.

"ಎಲ್ಲಾನೂ. ಅದರಲ್ಲೂ ಕೊನೇದಂತೂ ಬಹಳ ಚೆನ್ನಾಗಿತ್ತು."

"ಕೊನೇದು ನಾನು ಪೆಟ್ಟಿಗೆಗೆ ಬೈದಿದ್ದು!"

"ಹಾಂ, ಅದೇ."

ತಂಗಿ ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ಆ ಗಾದೇನ ಇವತ್ತು ಕಣ್ಣಾರೆ ನೋಡಿದೆ" ಎಂದಳು. ಭಾವನಿಗೆ ಅದೂ ಕೇಳಿಸಲಿಲ್ಲ. ಅವಳು ನಗುವುದು ಕಂಡು ತಾನೂ ನಕ್ಕ.

ಅವನದು ತಗಡಿನ ಕೆಲಸ. ಚರಂಡಿ ಕೊಳವೆ, ಆಲಿಕೆ, ಡಬ್ಬ, ಚಿಮಣಿ, ಏನು ಬೇಕಾದರೂ ತಗಡನ್ನು ಬಡಿದು ಬಗ್ಗಿಸಿ ಮಾಡಿಕೊಡುತ್ತಿದ್ದ. ಹರೆಯದಿಂದ ಸುತ್ತಿಗೆಯ ಸದ್ದಿನಲ್ಲೇ ಬಾಳಿದ ಕಿವಿ ಸಣ್ಣ ದನಿಗಳನ್ನೆಲ್ಲ ಒಂದೊಂದಾಗಿ ಕೈಬಿಟ್ಟಿತ್ತು. ಬಾಗಿಲ ಗಂಟೆ ಕೇಳಿಸದು, ಫೋನು ಕೇಳಿಸದು. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡರೆ ಚಮಚ ಬಿದ್ದದ್ದು ಸಿಡಿಲು ಬಡಿದಂತೆ ಕೇಳುತ್ತದೆಂದು ಅದನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಬಿಟ್ಟಿದ್ದ. "ನಮ್ಮನೇಲಿ ಎಲ್ಲರಿಗಿಂತ ಚೆನ್ನಾಗಿ ಕಿವಿ ಕೇಳೋದು ಆ ಡ್ರಾಯರಿಗೆ" ಎನ್ನುತ್ತಿದ್ದಳು ಬ್ರೇಕಮ್ಮ. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಆದರೆ ತನ್ನ ಗಿಟಾರು ಅವನಿಗೆ ಕೇಳಿಸುತ್ತದೆ ಎಂದೇ ಅವಳು ನಂಬಿದ್ದಳು. ಪ್ರತಿ ಹಾಡಿನ ಕೊನೆಗೆ, ಒಂದು ಸಲವೂ ತಪ್ಪದೆ, ಸರಿಯಾಗಿ ಮುಗಿದ ಕ್ಷಣಕ್ಕೆ "ಚೆನ್ನಾಗಿತ್ತು" ಎನ್ನುವವನನ್ನು ನಂಬದೆ ಇರುವುದು ಹೇಗೆ?

"ನಿಜ ಹೇಳಿ. ಹಾಡು ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವನು ತಲೆ ಕೆರೆದುಕೊಂಡ. "ನಿನ್ನ ಕಾಲು ನೋಡ್ತೀನಿ. ನೀನು ಬ್ರೇಕ್ ಹಾಕಿದೆ ಅಂದ್ರೆ ಮುಗೀತು ಅಂತ."

ಬ್ರೇಕಮ್ಮ ಎಂಬ ಹೆಸರು ಅವಳಿಗೆ ಬಂದದ್ದೂ ಆ ಕಾಲಿನಿಂದಲೇ. ಕಾರು ಕಲಿಸುವುದು ಅವಳ ಉದ್ಯೋಗ. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳಿಗೊಂದು ಬೇರೆ ಬ್ರೇಕು. ಆ ಬ್ರೇಕಿನಿಂದ ಬದುಕಿ ಉಳಿದ ನಾಯಿಗಳು, ದೀಪದ ಕಂಬಗಳು, ಅತ್ತೆ-ಮಾವಂದಿರು ಎಷ್ಟೋ. ಕೂಗಿ ಕೂಗಿ ಅವಳ ದನಿ ಗಂಡಸಿನ ದನಿಯಷ್ಟು ದಪ್ಪಗಾಗಿತ್ತು. ಈ ಗಂಡನೂ ಒಂದು ಕಾಲಕ್ಕೆ ಅವಳ ಶಿಷ್ಯನೇ. "ಬ್ರೇಕ್! ಬ್ರೇಕ್!" ಎಂದು ಅವಳು ಅರಚಿದರೂ ಮುಗುಳ್ನಗುತ್ತ ಸೀದಾ ಹೋಗಿ ಹೂವಿನ ಅಂಗಡಿಯೊಳಗೆ ಕಾರು ನುಗ್ಗಿಸಿದ್ದ. ಕಿವಿ ಆಗಲೇ ಮಂದವಾಗಿತ್ತೋ, ಅಥವಾ ಅವಳ ಮುಖ ನೋಡುತ್ತ ಮೈಮರೆತಿದ್ದನೋ, ಆ ತೀರ್ಮಾನ ಇನ್ನೂ ಆಗಿಲ್ಲ. ಹೂವಂತೂ ಕಾರಿನ ತುಂಬ ಬಿದ್ದಿತ್ತು, ಮದುವೆಯೂ ಆಯಿತು.

ಅಂಥವನು ಇಷ್ಟು ವರ್ಷ ತನ್ನ ಕಾಲಿಗೆ ಚಪ್ಪಾಳೆ ತಟ್ಟಿದ್ದಾನೆ! ಬ್ರೇಕಮ್ಮನಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು, ಯಾವುದನ್ನು ಮೊದಲು ಮುಗಿಸುವುದೆಂದು ತಿಳಿಯಲಿಲ್ಲ. ನೋವಂತೂ ಆಗಿತ್ತು. ಊರವರ ಚಪ್ಪಾಳೆ ಒಂದು ತೂಕ, ಇವನ ಮಾತು ಒಂದು ತೂಕ ಎಂದುಕೊಂಡಿದ್ದವಳು ಅವಳು.

"ಬೇಜಾರು ಮಾಡ್ಕೋಬೇಡ" ಎಂದ ಗಂಡ. "ನಿನ್ನ ಮಾತೆಲ್ಲ ಕೇಳಿಸುತ್ತೆ ನಂಗೆ. ನಿನ್ನ ಗಿಟಾರು ಕೇಳಿಸಲ್ಲ, ಅಷ್ಟೇ."

ಅವಳು ಥಟ್ಟನೆ ತಲೆಯೆತ್ತಿದಳು. ತನ್ನ ದನಿ ಕೇಳಿಸುತ್ತದೆ, ಯಾಕೆಂದರೆ ದಪ್ಪ. ಗಿಟಾರು ಕೇಳಿಸದು, ಯಾಕೆಂದರೆ ಸಣ್ಣ. ಸ್ಪೀಕರಂತೂ ಹೇಗೂ ಹೊಸದು ಹಾಕಬೇಕು.

"ಹಾಗಾದ್ರೆ ನನ್ನ ಹಾಗೇ ಮಾತಾಡೋ ಸ್ಪೀಕರ್ ಹುಡುಕೋಣ ನಡೀರಿ!"

"ಭಾವನ ಕಿವಿಗೋಸ್ಕರ ಊರವರ ಕಿವಿಗೆ ಹತ್ತಿ ತುರುಕ್ತೀಯಾ?" ಎಂದು ತಂಗಿ ಬೊಬ್ಬೆ ಹಾಕಿದಳು. ಪ್ರತಿ ಶನಿವಾರ ಬಸ್ ಡಿಪೋ ಹಿಂದಿನ ಹಾಲ್‌ನಲ್ಲಿ ಅವರ ಬ್ಯಾಂಡು ನುಡಿಸುತ್ತಿತ್ತು. ಡ್ರಮ್ಮು ಬಾರಿಸುವವರು ಹಲ್ಲಿನ ಡಾಕ್ಟರು, ಕುಣಿಯುವವರು ಡ್ರೈವರು ಕಂಡಕ್ಟರುಗಳ ಸಂಸಾರಗಳು. "ಅಲ್ಲಿ ಗಿಟಾರು ಫಳಫಳ ಅನ್ನಬೇಕು ಅಕ್ಕಾ. ಮಂಕಾದ್ರೆ ಯಾರೂ ಕಾಲೆತ್ತಲ್ಲ."

"ನೋಡೋಣ" ಎಂದಳು ಬ್ರೇಕಮ್ಮ. ಅವಳ ತಲೆಯಲ್ಲಿ ಆಗಲೇ ಕಾರು ಸ್ಟಾರ್ಟ್ ಆಗಿತ್ತು.

ಮರುದಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗೆ ಬೆಲ್ಟು ಕಟ್ಟಿ, ಅದರ ಪಕ್ಕ ತಂಗಿಯನ್ನು ಕೂರಿಸಿ, ಮೂವರೂ ಸ್ಪೀಕರ್ ಅಂಗಡಿಗೆ ಹೋದರು. ಅಂಗಡಿಯವನಿಗೆ ಊರವರು ಇಟ್ಟ ಹೆಸರು ಮಾತಿನಮಲ್ಲ, ಏಕೆಂದರೆ ಅವನು ಮಾತೇ ಆಡುತ್ತಿರಲಿಲ್ಲ. ಗೋಡೆ ತುಂಬ ಬಾಯಿ ತೆರೆದ ಸ್ಪೀಕರುಗಳು. ಅವುಗಳ ನಡುವೆ ಬಾಯಿ ಮುಚ್ಚಿದವನು ಅವನೊಬ್ಬನೇ. ಪೆಟ್ಟಿಗೆಯ ಬೆನ್ನು ಬಿಚ್ಚಿದ, ಸ್ಪೀಕರುಗಳನ್ನು ಹೊರತೆಗೆದ, ಅಂಟಿಸಿದ್ದ ಕರಪತ್ರದ 'ನಿಧಾನವೇ ಪ್ರಧಾನ' ಎಂಬ ಸಾಲನ್ನು ಓದಿ ಹುಬ್ಬೇರಿಸಿದ. ಒಳಗಿನ ಕಾಗದದ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಅದನ್ನು ಕೋನ್ ಎನ್ನುತ್ತಾರೆ. ದನಿ ಹುಟ್ಟುವುದೇ ಅಲ್ಲಿ.

"ಕೋನ್ ಹೋಗಿದೆ" ಎಂದ ಮಾತಿನಮಲ್ಲ.

"ಕೋಣ ಹೋಗಿದೆಯಾ?" ಗಂಡ ಗಾಬರಿಯಾದ. "ಅಯ್ಯೋ ಪಾಪ! ಯಾವಾಗಿಂದ? ಪೊಲೀಸರಿಗೆ ಹೇಳಿದ್ರಾ?"

ಮಾತಿನಮಲ್ಲ ಅವನ ಮುಖವನ್ನು ಕೊಂಚ ಹೊತ್ತು ನೋಡಿ, "ಎರಡೂ ಹೋಗಿವೆ" ಎಂದ.

"ಎರಡು ಕೋಣಾನಾ!"

ತಂಗಿ ಗೋಡೆ ಹಿಡಿದುಕೊಂಡು ಕೂತಳು. "ಒಂದು ಕೋಣ ಇಲ್ಲೇ ಇದೆ, ಕಿನ್ನರಿನೂ ತಂದಿದೀವಿ. ನೀವು ಶುರು ಮಾಡಿ" ಎಂದು ಹೇಗೋ ಹೇಳಿದಳು.

ಮಾತಿನಮಲ್ಲ ಮೊದಲು ಸಿಕ್ಕಿಸಿದ ಸ್ಪೀಕರು ಬಹಳ ಚುರುಕಿನದು. ಬ್ರೇಕಮ್ಮ ಮೀಟಿದರೆ ಒಂದೊಂದು ಸ್ವರವೂ ಫಳಫಳ ಎಂದಿತು. "ಇದೇ! ಅಕ್ಕಾ, ಇದೇ!" ಎಂದು ತಂಗಿ ಅಂಗಡಿಯಲ್ಲೇ ಒಂದು ಸುತ್ತು ಕುಣಿದಳು. ಗಂಡನ ಕಣ್ಣು ಹೆಂಡತಿಯ ಕಾಲಿನ ಮೇಲೆ. ಬ್ರೇಕಮ್ಮ ತಂತಿಯಿಂದ ಕೈ ತೆಗೆದು ಕಾಲನ್ನು ಮಾತ್ರ ಕುಣಿಸುತ್ತ ಹೋದಳು. ಅವನು ಆ ಮೌನಕ್ಕೆ ತಲೆದೂಗುತ್ತ ಕೂತ.

"ಚೆನ್ನಾಗಿ ಬರ್ತಿದೆ" ಎಂದ.

ಆಗ ಅವಳು ಎರಡೂ ಕಾಲು ಎತ್ತಿ ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೇಲೆ ಸೀರೆ ಹೊದೆಸಿಬಿಟ್ಟಳು. "ಇವತ್ತು ಬ್ರೇಕ್ ಇಲ್ಲ ರೀ. ಕೇಳಿಸಿದ್ರೆ ಕೇಳಿಸ್ತು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಸುಳ್ಳು ಹೇಳಿದ್ರೆ ಮನೆಗೆ ನಡ್ಕೊಂಡು ಬರ್ತೀರಿ."

ಎರಡನೆಯ ಸ್ಪೀಕರು ಬಂತು. "ಇಲ್ಲ" ಎಂದ. ಮೂರನೆಯದು. "ಇಲ್ಲ." ಮುಂದಿನದಕ್ಕೆ ಕಣ್ಣರಳಿಸಿ, "ಹಾಂ! ಏನೋ ಲಾರಿ ಹೋದ ಹಾಗೆ ಕೇಳಿಸ್ತು!" ಎಂದ.

"ಲಾರಿನೇ ಹೋಯ್ತು ಭಾವ, ಹೊರಗೆ" ಎಂದಳು ತಂಗಿ.

ಗೋಡೆ ಖಾಲಿಯಾಗುತ್ತ ಬಂತು, ಬ್ರೇಕಮ್ಮನ ಉತ್ಸಾಹವೂ. ಪ್ರತಿ 'ಇಲ್ಲ'ಕ್ಕೂ ಅವನ ಮುಖ ಪರೀಕ್ಷೆಯಲ್ಲಿ ಫೇಲಾದವನ ಹಾಗೆ ಸಣ್ಣದಾಗುತ್ತಿತ್ತು. ಸಾಕು, ಇವನನ್ನು ಯಾಕೆ ಗೋಳು ಹೊಯ್ದುಕೊಳ್ಳುವುದು, ಕಾಲಿಗೆ ಬಿದ್ದ ಚಪ್ಪಾಳೆಯೂ ಚಪ್ಪಾಳೆಯೇ ಎಂದುಕೊಂಡು ಅವಳು ಗಿಟಾರು ಕೆಳಗಿಡಹೊರಟಳು.

ಮಾತಿನಮಲ್ಲ ಏಣಿ ಹಾಕಿ ಅಟ್ಟದ ಮೂಲೆಯಿಂದ ಇನ್ನೊಂದನ್ನು ಇಳಿಸಿದ. ಬೆನ್ನಿಗೆ ದೊಡ್ಡ ಮ್ಯಾಗ್ನೆಟ್ಟು ಹೊತ್ತ ಹಳೆಯ ಸ್ಪೀಕರು. ಊದಿದರೆ ಧೂಳಿನಲ್ಲಿ ಎಲ್ಲರೂ ಸೀನಿದರು.

"ಯಾರೂ ಒಯ್ಯಲ್ಲ."

"ಯಾಕೆ?"

"ಗಂಟಲು ಕಟ್ಟಿದೆ ಅಂತಾರೆ."

"ನಂಗೂ ಹಾಗೇ ಅಂತಾರೆ. ಹಾಕಿ" ಎಂದಳು ಬ್ರೇಕಮ್ಮ.

ಈ ಸಲ ಅವಳು ನುಡಿಸಿದ್ದು ತನ್ನದೇ ಒಂದು ಧಾಟಿ. ಮದುವೆಯಾದ ಹೊಸದರಲ್ಲಿ ಕಟ್ಟಿದ್ದು, ಮಾತಿಲ್ಲ, ಹೆಸರೂ ಇಲ್ಲ. ಸ್ಪೀಕರು ಗಂಟಲು ಸರಿಮಾಡಿಕೊಂಡು ಹೊರಟಿತು. ದಪ್ಪ, ಬೆಚ್ಚನೆಯ ದನಿ. ಮೇಜಿನ ಮೇಲಿದ್ದ ಡಬ್ಬಿಯೊಳಗಿನ ಸ್ಕ್ರೂಗಳೆಲ್ಲ ಜುಂ ಎಂದವು.

ಗಂಡ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ತಲೆ ಒಂದು ಕಡೆ ವಾಲಿಸಿದ. ಎದ್ದು ಬಂದು ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಲೇ... ಇದು ನೀನು ತರಕಾರಿ ಹೆಚ್ಚೋವಾಗ ಗುನುಗ್ತೀಯಲ್ಲ, ಅದಲ್ವಾ?"

ಬ್ರೇಕಮ್ಮನ ಕೈ ನಿಂತುಬಿಟ್ಟಿತು.

"ಇದನ್ನ ಗಿಟಾರಲ್ಲೂ ಬಾರಿಸ್ತೀಯಾ?" ಎಂದ ಅವನು, ಮಗುವಿನ ಹಾಗೆ ಬೆರಗಾಗಿ.

"ಮದುವೆಯಾದಾಗಿಂದ ಬಾರಿಸ್ತಿದೀನಿ ರೀ" ಎಂದಳು ಅವಳು, ಅಳುತ್ತ, ನಗುತ್ತ. ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು ಅವಳಿಗೆ. ಅಂಗಡಿಯವನನ್ನು ಅಪ್ಪಿಕೊಳ್ಳಹೋದಳು, ಅವನು ಏಣಿ ಹತ್ತಿ ತಪ್ಪಿಸಿಕೊಂಡ.

ತಂಗಿಯೂ ಕಣ್ಣೊರೆಸಿಕೊಂಡಳು, ಆದರೆ ಪಟ್ಟು ಬಿಡಲಿಲ್ಲ. "ಒಪ್ಪಿದೆ ಅಕ್ಕಾ. ಆದ್ರೆ ಶನಿವಾರ ಹಾಲ್‌ನಲ್ಲಿ ಇದು ಕಂಬಳಿ ಹೊದ್ದು ಹಾಡಿದ ಹಾಗಿರುತ್ತೆ. ಜನ ಕುಣಿಯಲ್ಲ, ಮಲಗ್ತಾರೆ." ಅದೂ ಸುಳ್ಳಲ್ಲ ಎಂದು ಬ್ರೇಕಮ್ಮನ ಕಿವಿಗೂ ಗೊತ್ತಿತ್ತು.

ಆಗ ಏಣಿಯ ಮೇಲಿಂದಲೇ ಮಾತಿನಮಲ್ಲ ತನ್ನ ಬದುಕಿನ ಅತಿ ಉದ್ದದ ಭಾಷಣ ಮಾಡಿದ. "ಪೆಟ್ಟಿಗೇಲಿ ಎರಡು ಜಾಗ ಇದೆಯಲ್ಲ. ಒಂದು ಅದು ಹಾಕಿ, ಒಂದು ಇದು ಹಾಕಿ. ಹಿಂದೆ ಬರೆದಿರೋ ಓಮ್ ಎರಡರದ್ದೂ ಒಂದೇ ಇದೆ, ನೋಡಿದೀನಿ. ದನಿನೂ ಒಂದೇ ಇರಬೇಕು ಅಂತ ಯಾರು ಹೇಳಿದ್ರು?"

"ಓಮ್ ಅಂದ್ರೆ?"

"ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತೆ ಅನ್ನೋ ಲೆಕ್ಕ."

"ಅಂದ್ರೆ ಇಬ್ಬರೂ ಒಂದೇ ಸಮ ಅಡ್ಡ ನಿಂತ್ರೆ ಸಂಸಾರ ನಡೆಯುತ್ತೆ" ಎಂದಳು ತಂಗಿ. ಮಾತಿನಮಲ್ಲ ಸುಸ್ತಾಗಿ ಇಳಿದು ಬಂದು ಒಂದು ಲೋಟ ನೀರು ಕುಡಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಡಕ್ಕೆ ತಂಗಿಯ ಫಳಫಳ, ಬಲಕ್ಕೆ ಗಂಡನ ಗಂಟಲುಕಟ್ಟಿದ್ದು, ಎರಡೂ ಒಂದೇ ಪೆಟ್ಟಿಗೆಯಲ್ಲಿ ಕೂತವು.

ಶನಿವಾರ ಡಿಪೋ ಹಿಂದಿನ ಹಾಲ್ ಕಿಕ್ಕಿರಿದಿತ್ತು. ಬ್ರೇಕಮ್ಮ ಗಂಡನನ್ನು ಬಲಗಡೆಯ ಸ್ಪೀಕರಿಗೆ ಎದುರಾಗಿ ಮೊದಲ ಸಾಲಿನಲ್ಲಿ ಕೂರಿಸಿ, ತನ್ನ ಕಾಲನ್ನು ಪೆಟ್ಟಿಗೆಯ ಹಿಂದೆ ಬಚ್ಚಿಟ್ಟುಕೊಂಡಳು. ಜನ ಕುಣಿದದ್ದೇ ಕುಣಿದದ್ದು. ಕೊನೆಗೆ ಅವಳು ತನ್ನ ಹೆಸರಿಲ್ಲದ ಧಾಟಿ ಎತ್ತಿಕೊಂಡಳು. ಅರ್ಧ ದಾರಿಗೆ ಬಂದಿದ್ದಳಷ್ಟೇ, ಮೊದಲ ಸಾಲಿನಿಂದ ಒಂದು ಕೂಗು ಎದ್ದಿತು.

"ತಪ್ಪು!"

ಸುತ್ತಿಗೆಗಳ ನಡುವೆ ಪಳಗಿದ ಗಂಟಲು ಅದು. ಕುಣಿಯುವವರು ಕಾಲೆತ್ತಿದ ಹಾಗೇ ನಿಂತರು, ಹಲ್ಲಿನ ಡಾಕ್ಟರ ಕೈಯಿಂದ ಕೋಲು ಬಿತ್ತು. ಅವಳ ಗಂಡ ಎದ್ದು ನಿಂತು ಕೈ ಬೀಸಿ ತೋರಿಸುತ್ತಿದ್ದ. "ಅಲ್ಲಿ ಕೆಳಗೆ ಇಳೀಬೇಕು! ಅಡುಗೆಮನೇಲಿ ಸರಿಯಾಗಿ ಇಳೀತೀಯ, ಇಲ್ಲಿ ಮೇಲಕ್ಕೆ ಹೋದೆ!"

"ಇದನ್ನೇ ನಾನು ವರ್ಷಗಟ್ಟಲೆಯಿಂದ ಹೇಳ್ತಿದೀನಿ!" ಎಂದು ತಂಗಿ ಮೈಕಿನಲ್ಲೇ ಕಿರುಚಿದಳು.

ತುಂಬಿದ ಸಭೆಯಲ್ಲಿ ಹೀಗಾದರೆ ಬೇರೆ ಯಾರಾದರೂ ನೆಲ ಬಾಯಿ ಬಿಡಲಿ ಎನ್ನುತ್ತಿದ್ದರು. ಬ್ರೇಕಮ್ಮ ಗಿಟಾರನ್ನು ಅಪ್ಪಿಕೊಂಡು ಬಿದ್ದು ಬಿದ್ದು ನಕ್ಕಳು. "ಇನ್ನೊಂದ್ಸಲ ಹೇಳ್ರೀ!"

"ತಪ್ಪು ಬಾರಿಸಿದೆ!"

"ಇನ್ನೊಂದ್ಸಲ!"

"ತಪ್ಪು ಕಣೇ!"

ಕಣ್ಣೊರೆಸಿಕೊಂಡು ಅವಳು ಮೊದಲಿನಿಂದ ಶುರುಮಾಡಿದಳು. ಆ ಜಾಗ ಬಂದಾಗ ಅವನು ಹೇಳಿದ ಹಾಗೆ, ಅಡುಗೆಮನೆಯಲ್ಲಿ ಇಳಿಯುವ ಹಾಗೆ, ಕೆಳಗಿಳಿದಳು. ಕೊನೆಯ ಸ್ವರ ಬಲಗಡೆಯ ಸ್ಪೀಕರಿನಲ್ಲಿ ದಪ್ಪಗೆ ನಿಂತು ನಿಧಾನವಾಗಿ ಕರಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ತಗಡಿನವನ ಮುಖ ನೋಡುತ್ತಿದ್ದರು. ಅವನಿಗೆ ಅವಳ ಕಾಲು ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ, ಸ್ವರ ಪೂರ್ತಿ ಆರುವವರೆಗೆ ಕಾದ.

"ಪರವಾಗಿಲ್ಲ" ಎಂದ.

ಸೋಮವಾರ ಬೆಳಿಗ್ಗೆ ಅವಳ ಶಿಷ್ಯೆಯೊಬ್ಬಳು ಎರಡು ಲಾರಿಗಳ ನಡುವೆ ಕೂದಲೆಳೆಯಷ್ಟೂ ತಾಗದಂತೆ ಕಾರು ನಿಲ್ಲಿಸಿ, ಬೆವರೊರೆಸಿಕೊಂಡು, "ಹೇಗಿತ್ತು ಮೇಡಂ?" ಎಂದು ಕೇಳಿದಳು. ಬ್ರೇಕಮ್ಮ ಅವಳ ಬೆನ್ನು ತಟ್ಟಿ, "ಪರವಾಗಿಲ್ಲ" ಎಂದಳು. ಹುಡುಗಿಯ ಮುಖ ಬಾಡಿತು. ಅದಕ್ಕಿಂತ ದೊಡ್ಡ ಹೊಗಳಿಕೆ ಬ್ರೇಕಮ್ಮನಿಗೆ ಗೊತ್ತಿಲ್ಲ ಎಂಬುದು ಪಾಪ ಅವಳಿಗೇನು ಗೊತ್ತು.